ಚಂಚಲ ಚಿತ್ತವು ಪ್ರಮಾದವೇ?

ಶ್ರಾವಕಾಚಾರದ ಮಾತು ಬಂದಾಗ ಹಿರಿಯರು ಮೊದಲು ಎಚ್ಚರಿಸುವುದು ಪ್ರಮಾದದ ವಿಷಯವಾಗಿ. ನೋಡಿ ನಡೆಯಬೇಕು, ನೋಡಿ ಎತ್ತಬೇಕು, ನೋಡಿ ಇಡಬೇಕು, ತೂಗಿ ಆಡಬೇಕು. ಸಮಿತಿಗಳ ಸಾರವೆಲ್ಲ ಎಚ್ಚರವೆಂಬ ಒಂದೇ ಮಾತಿನಲ್ಲಿ ಅಡಗಿದೆ. ಎಚ್ಚರ ತಪ್ಪಿದ ಕೈಯಿಂದ ಜೀವಹಿಂಸೆಯಾಗುತ್ತದೆ, ಎಚ್ಚರ ತಪ್ಪಿದ ನಾಲಗೆಯಿಂದ ಅಸತ್ಯ ಹೊರಡುತ್ತದೆ. ಇಂತಹ ಧರ್ಮದಲ್ಲಿ ಬೆಳೆಯುತ್ತಿರುವ ಮಗುವೊಂದಕ್ಕೆ ಎಚ್ಚರವನ್ನು ಹಿಡಿದಿಡುವ ಶಕ್ತಿಯೇ ಹುಟ್ಟಿನಿಂದ ಕಡಿಮೆಯಾಗಿದ್ದರೆ ಆ ಮಗುವನ್ನು ಏನೆಂದು ಕರೆಯಬೇಕು? ತುಂಟನೆಂದೇ, ಸೋಮಾರಿಯೆಂದೇ, ರೋಗಿಯೆಂದೇ? ಅದೇ ಕೊರತೆ ಮನೆಯ ಯಜಮಾನನಲ್ಲಿಯೂ ಇದ್ದರೆ ಅವನ ವ್ರತನಿಯಮಗಳ ಗತಿಯೇನು?

ದೃಷ್ಟಾಂತಕ್ಕಾಗಿ ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಂತಹ ಎರೆಭೂಮಿಯ ಊರಿನ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಹೊಲದಲ್ಲಿ ಹತ್ತಿ, ಹೆಸರು. ಹಿಂಗಾರಿಗೆ ಜೋಳ, ಕಡಲೆ. ಮನೆಯಲ್ಲಿ ಅಜ್ಜಿ, ತಂದೆ, ತಾಯಿ, ಒಂಬತ್ತು ವರ್ಷದ ಮಗ. ಹುಡುಗ ದಡ್ಡನಲ್ಲ. ಟ್ರ್ಯಾಕ್ಟರಿನ ಬಿಡಿಭಾಗಗಳ ಹೆಸರನ್ನು ತಡವರಿಸದೆ ಹೇಳುತ್ತಾನೆ, ಇಪ್ಪತ್ನಾಲ್ಕು ತೀರ್ಥಂಕರರ ಲಾಂಛನಗಳನ್ನು ಒಂದು ಸಂಜೆಯಲ್ಲಿ ಕಲಿತಿದ್ದಾನೆ. ಆದರೆ ಪುಸ್ತಕದ ಒಂದು ಪುಟ ಬರೆದು ಮುಗಿಸಲಾರ. ವಾರಕ್ಕೊಂದು ಪೆನ್ಸಿಲು, ತಿಂಗಳಿಗೊಂದು ನೋಟುಬುಕ್ಕು ಕಳೆಯುತ್ತಾನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆ. ಪಾಠಶಾಲೆಯಲ್ಲಿ ಣಮೋಕಾರ ಮಂತ್ರದ ಜಪ ನಡೆದಿರುವಾಗ ನಡುವೆ ಎದ್ದು ಕಿಟಕಿಯ ಬಳಿ ಹೋಗುತ್ತಾನೆ. "ಇವಗ ಲಕ್ಷ್ಯನ ಇಲ್ಲ" ಎಂದು ಮಾಸ್ತರರು ಹೇಳಿ ಕಳಿಸುತ್ತಾರೆ. "ಮನಸ್ ಮಾಡಿದ್ರ ಎಲ್ಲಾ ಆಗ್ತದ, ಇವಾ ಮನಸ್ ಮಾಡೂದಿಲ್ಲ" ಎಂದು ತಂದೆ ಕೈ ಎತ್ತುತ್ತಾನೆ. ದೃಷ್ಟಿಯಾಗಿದೆಯೆಂದು ಅಜ್ಜಿ ಕೊರಗುತ್ತಾಳೆ. ತಾಯಿ ಮಗನ ಪರವಾಗಿ ಒಂದು ಮಾತಾಡಿದರೆ, ಅವಳ ಸಲಿಗೆಯಿಂದಲೇ ಹುಡುಗ ಕೆಟ್ಟನೆಂಬ ತೀರ್ಪು ಸಿದ್ಧವಾಗಿರುತ್ತದೆ.

ತಂದೆಯ ಕಥೆಯೂ ಬೇರೆಯಲ್ಲ. ಬೆಳೆವಿಮೆ ತುಂಬುವ ಕೊನೆಯ ದಿನ ಅವನಿಗೆ ಮರುದಿನ ನೆನಪಾಗುತ್ತದೆ. ಬ್ಯಾಂಕಿನ ಕಂತು ಹಣವಿದ್ದೂ ತಪ್ಪುತ್ತದೆ. ಹೊಸ ಕೆಲಸವನ್ನು ಹುರುಪಿನಿಂದ ಹಿಡಿಯುತ್ತಾನೆ, ಅರ್ಧಕ್ಕೆ ಬಿಡುತ್ತಾನೆ. ಮುನಿಗಳ ಸನ್ನಿಧಿಯಲ್ಲಿ ದಿನವೂ ಸಾಮಾಯಿಕ ಮಾಡುವ ನಿಯಮ ತೆಗೆದುಕೊಂಡಿದ್ದ. ಎರಡು ತಿಂಗಳಲ್ಲಿ ತಪ್ಪಿತು. ಬಸದಿಯ ದೇಣಿಗೆಯ ಪಾವತಿ ಪುಸ್ತಕವನ್ನು ಅವನ ಕೈಗೆ ಕೊಟ್ಟಿದ್ದರು. ಅದು ಎಲ್ಲಿಯೋ ಕಳೆಯಿತು. ಹಣ ಒಂದು ರೂಪಾಯಿಯೂ ಹೋಗಿರಲಿಲ್ಲ, ಆದರೆ ಜನ ಅವನ ಮರೆವನ್ನಲ್ಲ, ಪ್ರಾಮಾಣಿಕತೆಯನ್ನು ಶಂಕಿಸಿದರು. ಆಮೇಲೆ ಅವನು ಬಸದಿಗೆ ಹೋಗುವುದನ್ನೇ ಕಡಿಮೆ ಮಾಡಿದ. ಚಿಕ್ಕಂದಿನಲ್ಲಿ ತನ್ನ ತಂದೆಯಿಂದ ತಾನು ಯಾವ ಮಾತು ಕೇಳಿ ಏಟು ತಿಂದಿದ್ದನೋ ಅದೇ ಮಾತನ್ನು ಈಗ ಮಗನಿಗೆ ಆಡುತ್ತಿರುವುದು ಅವನಿಗೆ ಹೊಳೆದಿಲ್ಲ.

ಇಂತಹ ಕುಟುಂಬಗಳು ಯಾವ ಊರಿನಲ್ಲಿ ಇಲ್ಲ? ಆದುದರಿಂದ ಪ್ರಶ್ನೆಯನ್ನು ಎರಡು ಕಡೆಯಿಂದ ನೋಡಬೇಕಾಗುತ್ತದೆ. ವೈದ್ಯಶಾಸ್ತ್ರವು ಈ ಸ್ಥಿತಿಯ ಬಗ್ಗೆ ಏನನ್ನು ತಿಳಿದಿದೆ? ಶಾಸ್ತ್ರವು ಪ್ರಮಾದವೆಂದು ಯಾವುದನ್ನು ಕರೆದಿದೆ?

ವೈದ್ಯರು ಕಂಡದ್ದು

ಅವಧಾನದ ಕೊರತೆ, ಅತಿಯಾದ ಚಟುವಟಿಕೆ, ವಿಚಾರಿಸುವ ಮೊದಲೇ ಮಾಡಿಬಿಡುವ ಆತುರ ಇವು ಮೂರು ಈ ಸ್ಥಿತಿಯ ಲಕ್ಷಣಗಳು. ವೈದ್ಯರು ಇದನ್ನು ಎಡಿಎಚ್‌ಡಿ ಎಂದು ಕರೆಯುತ್ತಾರೆ. ಇದು ಟಿವಿ, ಮೊಬೈಲುಗಳು ಹುಟ್ಟಿಸಿದ ಹೊಸ ರೋಗವೆಂಬ ಮಾತು ಸರಿಯಲ್ಲ. 1798ರಲ್ಲಿಯೇ ಅಲೆಕ್ಸಾಂಡರ್ ಕ್ರಿಕ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಒಂದು ವಿಷಯದ ಮೇಲೆ ಗಮನ ನಿಲ್ಲದ ರೋಗಸ್ಥಿತಿಯನ್ನು ವಿವರಿಸಿದ್ದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಡೆದುಕೊಳ್ಳಲಾರದ ಮಕ್ಕಳ ಕುರಿತು ಉಪನ್ಯಾಸಗಳನ್ನು ಮಾಡಿದನು. ಎಡಿಎಚ್‌ಡಿ ಎಂಬ ಇಂದಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬಂದದ್ದು 1987ರಲ್ಲಿ.

ಲೋಕದಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐವರಲ್ಲಿ, ನೂರು ವಯಸ್ಕರಲ್ಲಿ ಎರಡು ಮೂರು ಜನರಲ್ಲಿ ಇದು ಇರುವುದೆಂದು ಅಂದಾಜು. ಇದು ಬಹುಮಟ್ಟಿಗೆ ವಂಶದಲ್ಲಿ ಬರುವಂಥದು. ಅವಳಿ ಮಕ್ಕಳ ಅಧ್ಯಯನಗಳಿಂದ ಅನುವಂಶದ ಪಾಲು ನೂರಕ್ಕೆ 70ರಿಂದ 80ರಷ್ಟು ಎಂದು ಕಂಡುಬಂದಿದೆ. ಆದುದರಿಂದಲೇ ಮಗನನ್ನು ಪರೀಕ್ಷಿಸಲು ಹೋದ ಅನೇಕ ತಂದೆತಾಯಿಯರು ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತ ತಮ್ಮ ಕಥೆಯನ್ನೇ ಕಂಡುಕೊಳ್ಳುತ್ತಾರೆ. ಮಿದುಳಿನ ಮುಂಭಾಗದಲ್ಲಿ ಕೆಲಸವನ್ನು ಯೋಜಿಸುವ, ತಡೆಯುವ, ನೆನಪಿನಲ್ಲಿ ಹಿಡಿದಿಡುವ ವ್ಯವಸ್ಥೆಯೊಂದಿದೆ. ಡೋಪಮಿನ್, ನಾರ್‌ಎಪಿನೆಫ್ರಿನ್ ಎಂಬ ರಸಗಳ ಮೂಲಕ ಅದು ನಡೆಯುತ್ತದೆ. ಈ ವ್ಯವಸ್ಥೆಯು ಇಂತಹವರಲ್ಲಿ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಇಷ್ಟವಾದ ವಿಷಯದಲ್ಲಿ ಅವರು ಗಂಟೆಗಟ್ಟಲೆ ಮುಳುಗಬಲ್ಲರು. ಇಷ್ಟವಿಲ್ಲದಿದ್ದರೂ ಮಾಡಲೇಬೇಕಾದ ಕೆಲಸಕ್ಕೆ ಮನಸ್ಸನ್ನು ತಿರುಗಿಸುವುದೇ ಅವರಿಗೆ ಕಠಿಣ. ನೋಡುವವರಿಗೆ ಇದು ಹಟದಂತೆ ಕಾಣುತ್ತದೆ. "ಆಟಕ್ಕ ಲಕ್ಷ್ಯ ಬರ್ತದ, ಅಭ್ಯಾಸಕ್ಕ ಯಾಕ ಬರೂದಿಲ್ಲ?" ಎಂಬ ತಂದೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಸುಲಭವಾಗಿ ಕಣ್ಣು ತಪ್ಪುತ್ತದೆ. ಗದ್ದಲ ಮಾಡದೆ ಮೂಲೆಯಲ್ಲಿ ಕುಳಿತು ಕನಸು ಕಾಣುವ ಹುಡುಗಿಯ ಬಗ್ಗೆ ಯಾವ ಮಾಸ್ತರರೂ ದೂರು ಕಳಿಸುವುದಿಲ್ಲ. ಮದುವೆಯಾಗಿ ಅತ್ತೆಯ ಮನೆಗೆ ಹೋದ ಮೇಲೆ, ಒಲೆಯ ಮೇಲಿನ ಹಾಲು ದಿನವೂ ಉಕ್ಕುತ್ತಿದೆಯೆಂದು ಅವಳ ಸಂಸ್ಕಾರದ ಮೇಲೆ ಮಾತು ಬರುತ್ತದೆ.

ಪರೀಕ್ಷೆಯಲ್ಲಿ ಅನೇಕಾಂತ

ಈ ಸ್ಥಿತಿಯನ್ನು ಗುರುತಿಸುವ ಕ್ರಮದಲ್ಲಿ ಜೈನ ಓದುಗರಿಗೆ ಪರಿಚಿತವಾದ ತತ್ತ್ವವೊಂದು ಕಾಣುತ್ತದೆ. ಇದಕ್ಕೆ ರಕ್ತಪರೀಕ್ಷೆಯಿಲ್ಲ, ತಲೆಯ ಚಿತ್ರ ತೆಗೆದು ಹೇಳುವ ಹಾಗಿಲ್ಲ. ಒಬ್ಬರ ದೂರಿನ ಮೇಲೆ ನಿರ್ಣಯ ಮಾಡುವಂತೆಯೂ ಇಲ್ಲ. ಅವಧಾನದ ಕೊರತೆಗೆ ಒಂಬತ್ತು, ಚಟುವಟಿಕೆ ಮತ್ತು ಆತುರಕ್ಕೆ ಒಂಬತ್ತು ಲಕ್ಷಣಗಳನ್ನು ಕೈಪಿಡಿಯು ಹೇಳುತ್ತದೆ. ಮಕ್ಕಳಲ್ಲಿ ಯಾವುದಾದರೊಂದು ಗುಂಪಿನ ಕನಿಷ್ಠ ಆರು, 17 ವರ್ಷ ತುಂಬಿದವರಲ್ಲಿ ಕನಿಷ್ಠ ಐದು ಲಕ್ಷಣಗಳು ಆರು ತಿಂಗಳಿನಿಂದಲಾದರೂ ಇರಬೇಕು. ಅವುಗಳಲ್ಲಿ ಹಲವು 12ನೆಯ ವಯಸ್ಸಿನ ಮೊದಲೇ ಕಂಡಿರಬೇಕು. ಮನೆ ಮತ್ತು ಶಾಲೆ, ಅಥವಾ ಮನೆ ಮತ್ತು ಉದ್ಯೋಗ, ಹೀಗೆ ಎರಡು ಕಡೆಗಳಲ್ಲಾದರೂ ಕಾಣಬೇಕು. ಬದುಕಿಗೆ ಅವುಗಳಿಂದ ನಿಜವಾದ ಅಡ್ಡಿಯಾಗುತ್ತಿರಬೇಕು. ಬೇರೆ ಕಾರಣದಿಂದ ಅವು ಬಂದಿಲ್ಲವೆಂಬುದೂ ಖಚಿತವಾಗಬೇಕು.

ತಾಯಿ ಕಂಡದ್ದು ಒಂದು ನಯ, ಮಾಸ್ತರರು ಕಂಡದ್ದು ಇನ್ನೊಂದು ನಯ, ಮಗು ತಾನೇ ಹೇಳಿಕೊಂಡದ್ದು ಮತ್ತೊಂದು ನಯ. ಮನೆಯಲ್ಲಿ ಮಾತ್ರ ಚಂಚಲನಾಗಿದ್ದು ಶಾಲೆಯಲ್ಲಿ ಸ್ವಸ್ಥನಾಗಿರುವ ಹುಡುಗನ ತೊಂದರೆ ಮನೆಯ ಜಗಳದಲ್ಲಿ ಇರಬಹುದು. ಶಾಲೆಯಲ್ಲಿ ಮಾತ್ರ ಗಮನ ಕೊಡದವನಿಗೆ ಹಲಗೆಯ ಅಕ್ಷರ ಕಾಣದೆ ಇರಬಹುದು, ಕಿವಿ ಮಂದವಿರಬಹುದು, ಓದುಬರಹಕ್ಕೆ ಸಂಬಂಧಿಸಿದ ಕಲಿಕೆಯ ತೊಂದರೆಯಿರಬಹುದು. ನಿದ್ರೆಯ ಕೊರತೆ, ಥೈರಾಯಿಡ್ ದೋಷ, ಕೆಲವು ಬಗೆಯ ಮೂರ್ಛೆರೋಗ, ಭಯ, ಖಿನ್ನತೆ ಇವೆಲ್ಲವೂ ಇದೇ ರೂಪವನ್ನು ತೋರಬಲ್ಲವು. ಆದುದರಿಂದ ಒಳ್ಳೆಯ ವೈದ್ಯನು ಅವಸರ ಮಾಡುವುದಿಲ್ಲ. ಕಣ್ಣು, ಕಿವಿಗಳನ್ನು ನೋಡಿಸುತ್ತಾನೆ, ಶಾಲೆಯಿಂದ ಬರೆದು ತರಲು ಹೇಳುತ್ತಾನೆ, ಅವಶ್ಯವಿದ್ದರೆ ಮನಃಶಾಸ್ತ್ರಜ್ಞರಿಂದ ಬುದ್ಧಿಶಕ್ತಿ ಮತ್ತು ಕಲಿಕೆಯ ಪರೀಕ್ಷೆ ಮಾಡಿಸುತ್ತಾನೆ. ವಯಸ್ಕರ ವಿಷಯದಲ್ಲಿ ಹಳೆಯ ಗುಣಪತ್ರಿಕೆಗಳೂ, ಬಾಲ್ಯವನ್ನು ಕಂಡ ತಾಯಿಯ ಅಥವಾ ಅಣ್ಣನ ಮಾತೂ ಸಾಕ್ಷಿಯಾಗುತ್ತವೆ. ಮೂವತ್ತೈದರಲ್ಲಿ ಮೊದಲ ಬಾರಿಗೆ ಬಂದ ಚಾಂಚಲ್ಯಕ್ಕೆ ಕಾರಣ ಬೇರೆಯೇ ಇರುವ ಸಂಭವ ಹೆಚ್ಚು.

ಈ ಸೌಕರ್ಯ ಹುಬ್ಬಳ್ಳಿ ಧಾರವಾಡದ ಜನರಿಗೆ ದೂರವಿಲ್ಲ. 19ನೆಯ ಶತಮಾನದಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆಯು ಇಂದು ಡಿಮ್ಹಾನ್ಸ್ ಎಂಬ ಹೆಸರಿನ ಸರಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಜನರು ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ, ಧಾರವಾಡದ ಸತ್ತೂರಿನಲ್ಲಿರುವ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನಲ್ಲಿಯೂ ಮನೋವೈದ್ಯರ ವಿಭಾಗಗಳಿವೆ. ಕಠಿಣ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ದೂರವಾಣಿಗೆ, 14416 ಸಂಖ್ಯೆಗೆ, ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಆದರೂ ಜನ ಹೋಗುವುದಿಲ್ಲ. ಧಾರವಾಡದ ಆ ಆಸ್ಪತ್ರೆಯ ಹೆಸರು ಎತ್ತಿದೊಡನೆ ಹುಚ್ಚಿನ ಮಾತು ಬರುವುದೆಂಬ ಭಯ ಹಳೆಯ ತಲೆಮಾರಿನಿಂದ ಉಳಿದು ಬಂದಿದೆ. ಅದಕ್ಕಿಂತ ಆಳವಾದ ಅಡ್ಡಿ ಇನ್ನೊಂದಿದೆ. ಇದು ರೋಗವಲ್ಲ, ಪ್ರಮಾದ. ಪ್ರಮಾದಕ್ಕೆ ಔಷಧವೆಲ್ಲಿ ಎಂಬ ಧಾರ್ಮಿಕ ಸಂದೇಹವೇ ಅದು.

ಪ್ರಮಾದವೆಂದರೇನು?

ಬಂಧಕ್ಕೆ ಕಾರಣಗಳು ಐದು: ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗ. ಇವುಗಳಲ್ಲಿ ಪ್ರಮಾದವನ್ನು ವಿವರಿಸುವಾಗ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಒಳ್ಳೆಯ ಕಾರ್ಯಗಳ ವಿಷಯದಲ್ಲಿರುವ ಅನಾದರವೆಂದು ತಿಳಿಸಿದ್ದಾರೆ. ಆದರವಿಲ್ಲದಿರುವಿಕೆಯೇ ಪ್ರಮಾದದ ಜೀವಾಳವೆಂದಾಯಿತು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಪ್ರಮಾದದ ಹದಿನೈದು ಭೇದಗಳನ್ನು ಎಣಿಸಿದೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ.

ಈ ಪಟ್ಟಿಯನ್ನು ಶಿರಗುಪ್ಪಿಯ ಆ ಮನೆಯಲ್ಲಿ ಇಟ್ಟು ನೋಡಬೇಕು. ಹುಡುಗನ ನೋಟುಬುಕ್ಕು ಕಳೆದದ್ದು ಈ ಹದಿನೈದರಲ್ಲಿ ಯಾವುದು? ಅವನಿಗೆ ಪಾಠದ ಮೇಲೆ ದ್ವೇಷವಿಲ್ಲ, ಗುರುವಿನ ಮೇಲೆ ತಿರಸ್ಕಾರವಿಲ್ಲ. ಕಳೆದುಕೊಂಡೆನೆಂದು ತಿಳಿದಾಗ ಎಲ್ಲರಿಗಿಂತ ಮೊದಲು ಅಳುವವನು ಅವನೇ. ಆದರೆ ಅವನನ್ನು ಹೊಡೆದ ಕೈಯ ಹಿಂದಿದ್ದ ಕ್ರೋಧವು ಪಟ್ಟಿಯಲ್ಲಿದೆ. "ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ಕಳದಿ" ಎಂಬ ಮಾತಿನ ಹಿಂದಿನ ಮಾನವೂ ಪಟ್ಟಿಯಲ್ಲಿದೆ. ನೆರೆಮನೆಯ ಕಟ್ಟೆಯ ಮೇಲೆ ಕುಳಿತು ಆ ಹುಡುಗನ ದಡ್ಡತನವನ್ನೂ ಆ ತಂದೆಯ ಪ್ರಾಮಾಣಿಕತೆಯನ್ನೂ ಚರ್ಚಿಸುವ ವಿಕಥೆಗಳಿಗೂ ಆ ಪಟ್ಟಿಯಲ್ಲಿ ಸ್ಥಾನವಿದೆ. ಆ ಮನೆಯಲ್ಲಿಯೂ ಆ ಓಣಿಯಲ್ಲಿಯೂ ಪ್ರಮಾದವಿರುವುದು ನಿಜ. ಆದರೆ ಅದು ಇದೆಯೆಂದು ಎಲ್ಲರೂ ಬೆರಳು ತೋರಿಸಿದ ಕಡೆಯಲ್ಲಿಲ್ಲ.

ಇಲ್ಲಿ ತಿಳಿದವರೊಬ್ಬರು ಆಕ್ಷೇಪವೆತ್ತಬಹುದು. ತತ್ತ್ವಾರ್ಥಸೂತ್ರದಲ್ಲಿ ಸಾಮಾಯಿಕದ ಐದು ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನವೂ, ಎಂದರೆ ನೆನಪು ನಿಲ್ಲದಿರುವಿಕೆಯೂ, ಒಂದಲ್ಲವೇ? ಮನಸ್ಸಿನ ತಪ್ಪು ಪ್ರವೃತ್ತಿಯೂ ಒಂದಲ್ಲವೇ? ಮರೆವು ದೋಷವೆಂದು ಶಾಸ್ತ್ರವೇ ಹೇಳಿರುವಾಗ ಅದನ್ನು ನಿರ್ದೋಷವೆನ್ನುವುದು ಹೇಗೆ?

ಆಕ್ಷೇಪವು ಗೌರವಕ್ಕೆ ಯೋಗ್ಯವಾದುದು. ಅದಕ್ಕೆ ಉತ್ತರ ಆ ಪಟ್ಟಿಯಲ್ಲಿಯೇ ಇದೆ. ಮನಸ್ಸು, ಮಾತು, ಕಾಯಗಳ ತಪ್ಪು ಪ್ರವೃತ್ತಿಗಳು ಮೂರು, ನಾಲ್ಕನೆಯದು ಅನಾದರ, ಐದನೆಯದು ಮರೆವು. ಅನಾದರವನ್ನೂ ಮರೆವನ್ನೂ ಆಚಾರ್ಯರು ಒಂದೇ ಎಂದು ತಿಳಿದಿದ್ದರೆ ಎರಡು ಹೆಸರು ಬೇಕಾಗಿರಲಿಲ್ಲ. ಆದರವಿದ್ದೂ ಮರೆಯುವವನುಂಟೆಂದು ಅವರು ಬಲ್ಲರು. ಎರಡನೆಯದಾಗಿ, ಅತಿಚಾರವೆಂದರೆ ವ್ರತದಲ್ಲಿ ಬಿದ್ದ ಕಲೆ, ವ್ರತದ ನಾಶವಲ್ಲ. ಅದನ್ನು ಹೇಳಿದ್ದು ಸಾಧಕನು ತನ್ನನ್ನು ತಾನು ನೋಡಿಕೊಂಡು ತಿದ್ದಿಕೊಳ್ಳುವುದಕ್ಕಾಗಿ. ಅತಿಚಾರಕ್ಕೆ ಪರಿಹಾರವಾಗಿ ಶಾಸ್ತ್ರ ಕೊಟ್ಟದ್ದು ಪ್ರತಿಕ್ರಮಣವನ್ನು, ಬೆತ್ತವನ್ನಲ್ಲ. ಮೂರನೆಯದಾಗಿ, ದೋಷವನ್ನು ತಿದ್ದಿಕೊಳ್ಳಬೇಕೆನ್ನುವವನಿಗೆ ತಿದ್ದುವ ಸಾಧನವನ್ನು ನಿರಾಕರಿಸುವುದು ಹೇಗೆ ಸರಿಯಾದೀತು? ಮರೆವು ಅತಿಚಾರವೆಂಬುದು ನಿಜವಾದರೆ, ಆ ಮರೆವಿನ ಕಾರಣವನ್ನು ತಿಳಿಯಲು ಧಾರವಾಡಕ್ಕೆ ಹೋಗುವುದು ವ್ರತಕ್ಕೆ ಸಹಾಯವೇ ಹೊರತು ವಿರೋಧವಲ್ಲ.

ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಹೆಸರಿಸಿರುವ ಶಿವಭೂತಿ ಮುನಿಯ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಗುರು ಹೇಳಿಕೊಟ್ಟದ್ದು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಹೆಣ್ಣುಮಗಳೊಬ್ಬಳು ಉದ್ದಿನ ಬೇಳೆಯಿಂದ ಸಿಪ್ಪೆಯನ್ನು ಬೇರ್ಪಡಿಸುತ್ತಿರುವುದನ್ನು ಕಂಡು, ದೇಹ ಬೇರೆ, ಆತ್ಮ ಬೇರೆ ಎಂಬ ತತ್ತ್ವ ಅವರಿಗೆ ಹೊಳೆಯಿತು. ಸಿಪ್ಪೆ, ಉದ್ದು ಎಂಬ ಅಷ್ಟೇ ಮಾತನ್ನು ಹಿಡಿದುಕೊಂಡು ಅವರು ಕೇವಲಜ್ಞಾನವನ್ನು ಪಡೆದರು. ಇಂದಿನ ರೋಗದ ಹೆಸರನ್ನು ಆ ಮಹಾಮುನಿಗೆ ಅಂಟಿಸುವುದು ಅವಿವೇಕ. ಆದರೆ ಕಥೆ ಹೇಳುವ ಒಂದು ಮಾತು ಸ್ಪಷ್ಟ. ನೆನಪು ನಿಲ್ಲದಿರುವುದನ್ನು ಪರಂಪರೆಯು ಶ್ರದ್ಧೆಯ ಅಭಾವವೆಂದು ಎಣಿಸಲಿಲ್ಲ. ಗ್ರಹಣಶಕ್ತಿಗೆ ಬಂದ ಆವರಣ ಬೇರೆ, ಶ್ರದ್ಧೆಗೆ ಬಂದ ಮೋಹ ಬೇರೆ. ಜ್ಞಾನಾವರಣೀಯ, ಮೋಹನೀಯಗಳೆಂದು ಕರ್ಮಕ್ಕೆ ಬೇರೆಬೇರೆ ಹೆಸರುಗಳಿರುವುದು ಇದಕ್ಕಾಗಿಯೇ.

ಔಷಧದ ಪ್ರಶ್ನೆ

ಹಾಗಾದರೆ ಔಷಧವನ್ನು ಸೇವಿಸಬಹುದೇ? ಮನಸ್ಸನ್ನು ಗೆಲ್ಲಬೇಕಾದವನು ಗುಳಿಗೆಯಿಂದ ಗೆಲ್ಲುವುದು ಪುರುಷಾರ್ಥಕ್ಕೆ ಕುಂದಲ್ಲವೇ? ಕಣ್ಣು ಮಂದವಾದವನು ಕನ್ನಡಕ ಹಾಕಿಕೊಂಡು ಸ್ವಾಧ್ಯಾಯ ಮಾಡಿದರೆ ಯಾರೂ ಅವನ ಪುರುಷಾರ್ಥವನ್ನು ಶಂಕಿಸುವುದಿಲ್ಲ. ಕನ್ನಡಕವು ಓದುವುದಿಲ್ಲ, ಓದುವವನು ಅವನೇ. ಔಷಧವು ನಿಮಿತ್ತ ಮಾತ್ರ; ಉಪಾದಾನವು ಜೀವನದೇ. ಗುಳಿಗೆಯಿಂದ ಯಾರಿಗೂ ಸದ್ಗುಣ ಬರುವುದಿಲ್ಲ. ಒಳ್ಳೆಯದನ್ನು ಮಾಡಬೇಕೆಂಬ ಇಚ್ಛೆ ಇದ್ದವನಿಗೆ ಆ ಇಚ್ಛೆಯನ್ನು ಕೈಗೆ ತಂದುಕೊಳ್ಳುವಷ್ಟು ಅವಕಾಶ ಸಿಗುತ್ತದೆ.

ಚಿಕಿತ್ಸೆಯೆಂದರೆ ಔಷಧವೊಂದೇ ಅಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಕೊಡುವುದು ತಂದೆತಾಯಿಯರಿಗೆ ತರಬೇತಿ. ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಮಾಡುವುದು, ಮಾಡಿದ ಒಳ್ಳೆಯದನ್ನು ಕೂಡಲೇ ಹೊಗಳುವುದು, ದಿನಚರಿಯನ್ನು ಗೋಡೆಯ ಮೇಲೆ ಬರೆದು ಹಚ್ಚುವುದು, ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡಿಸುವುದು ಇವೆಲ್ಲ ಚಿಕಿತ್ಸೆಯ ಅಂಗಗಳೇ. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೂ ವಯಸ್ಕರಿಗೂ ತೊಂದರೆ ಹೆಚ್ಚಿದ್ದರೆ ವೈದ್ಯರು ಔಷಧ ಬರೆಯುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ ಎಂಬುದನ್ನು ಸ್ವಿಟ್ಜರ್ಲೆಂಡಿನಲ್ಲಿ 1944ರಲ್ಲಿ ಮೊದಲು ತಯಾರಿಸಲಾಯಿತು. ಅದರ ಸಾಮಾನ್ಯ ಗುಳಿಗೆಯ ಪರಿಣಾಮ ಮೂರುನಾಲ್ಕು ಗಂಟೆಗಳಷ್ಟು. ನಿಧಾನವಾಗಿ ಕರಗುವ ಬಗೆಗಳು ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುತ್ತವೆ. ಆಟಮಾಕ್ಸೆಟಿನ್ ಎಂಬ ಇನ್ನೊಂದು ಔಷಧದ ಗುಣ ಕಾಣಲು ಕೆಲವು ವಾರಗಳು ಬೇಕು.

ಚಟವಾದೀತೆಂಬ ಭಯ ಸಹಜವಾದುದು. ಮೀಥೈಲ್‌ಫೆನಿಡೇಟ್ ದುರುಪಯೋಗವಾಗಬಲ್ಲ ವಸ್ತುವೆಂಬುದು ನಿಜ. ಆದುದರಿಂದಲೇ ಅದು ಔಷಧ ನಿಯಮಗಳ ಎಕ್ಸ್ ಪಟ್ಟಿಯಲ್ಲಿದೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಎಲ್ಲ ಅಂಗಡಿಗಳಲ್ಲಿಯೂ ಸಿಗುವುದಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ಕಣ್ಣಳತೆಯಲ್ಲಿ ತೆಗೆದುಕೊಂಡವರ ಸ್ಥಿತಿ ಬೇರೆ. ಆರಂಭಿಸುವ ಮೊದಲು ಹೃದಯದ ತೊಂದರೆಯ ಇತಿಹಾಸ ಕೇಳುತ್ತಾರೆ. ನಡುನಡುವೆ ರಕ್ತದೊತ್ತಡ, ನಾಡಿ, ಮಕ್ಕಳ ತೂಕ ಮತ್ತು ಎತ್ತರಗಳನ್ನು ನೋಡುತ್ತಾರೆ.

ಜೈನ ಮನೆಗಳಿಗೆ ಮಾತ್ರ ಸಂಬಂಧಿಸಿದ ಎರಡು ವಿಷಯಗಳನ್ನು ವೈದ್ಯರು ತಾವಾಗಿ ಕೇಳಲಾರರು, ಮನೆಯವರೇ ಹೇಳಬೇಕು. ಒಂದನೆಯದು ಆಹಾರದ ಹೊತ್ತು. ಈ ಔಷಧದಿಂದ ಹಸಿವು ಕುಗ್ಗುತ್ತದೆ, ಪರಿಣಾಮ ಇಳಿದ ಮೇಲೆ ಸಂಜೆ ಮರಳಿ ಬರುತ್ತದೆ. ಸೂರ್ಯಾಸ್ತದ ನಂತರ ಉಣ್ಣದ ಮನೆಯಲ್ಲಿ ಮಗುವಿಗೆ ಹಸಿವಾಗುವ ಹೊತ್ತಿಗೆ ಅಡಿಗೆಮನೆಯ ಬಾಗಿಲು ಮುಚ್ಚಿರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ತೂಕ ಇಳಿಯುತ್ತದೆ, ದೋಷ ಔಷಧದ ಮೇಲೆ ಬರುತ್ತದೆ. ಗುಳಿಗೆಗೆ ಮೊದಲು ಬೆಳಿಗ್ಗೆ ಹೊಟ್ಟೆ ತುಂಬ ಉಣಿಸುವುದು, ಶಾಲೆಯಿಂದ ಬಂದೊಡನೆ ಸೂರ್ಯಾಸ್ತದ ಮೊದಲೇ ಇನ್ನೊಂದು ಊಟ ಕೊಡುವುದು, ಅದಕ್ಕೆ ತಕ್ಕಂತೆ ಗುಳಿಗೆಯ ವೇಳೆಯನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳುವುದು ಇವುಗಳಿಂದ ನಿಯಮವೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ. ಪರ್ವದಿನಗಳ ಉಪವಾಸದಲ್ಲಿ ಗುಳಿಗೆಯನ್ನು ಹೇಗೆ ಮಾಡಬೇಕೆಂಬುದನ್ನು ಸಹ ಮೊದಲೇ ಕೇಳಿಕೊಳ್ಳಬೇಕು.

ಎರಡನೆಯದು ಕ್ಯಾಪ್ಸೂಲಿನ ಕವಚ. ಅದು ಸಾಮಾನ್ಯವಾಗಿ ಪ್ರಾಣಿಗಳ ಎಲುಬು ಚರ್ಮಗಳಿಂದ ಬಂದ ಜಿಲೆಟಿನ್. ಗುಳಿಗೆಯ ರೂಪ ಅಥವಾ ಸಸ್ಯಮೂಲದ ಕವಚ ಸಿಗುವುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು. ಆದರೆ ಕವಚವನ್ನು ಬಿಚ್ಚಿ ಪುಡಿಯನ್ನು ಹಾಲಿನಲ್ಲಿ ಬೆರೆಸಿ ಕೊಡುವುದನ್ನು ವೈದ್ಯರ ಅಪ್ಪಣೆಯಿಲ್ಲದೆ ಮಾಡಬಾರದು. ಆಟಮಾಕ್ಸೆಟಿನ್ ಪುಡಿ ಕಣ್ಣಿಗೆ ತಾಗಿದರೆ ಉರಿಯುತ್ತದೆ. ಬೇರೆ ದಾರಿಯೇ ಇಲ್ಲದಾಗ ಏನು ಮಾಡಬೇಕೆಂಬುದು ಆ ಕುಟುಂಬದ ಮನಸ್ಸಾಕ್ಷಿಗೂ ಅವರ ಗುರುಗಳ ಉಪದೇಶಕ್ಕೂ ಬಿಟ್ಟ ವಿಷಯ. ವೈದ್ಯರಿಗೆ ಹೇಳದೆ ಗುಟ್ಟಾಗಿ ಔಷಧ ನಿಲ್ಲಿಸುವುದು ಮಾತ್ರ ಯಾವ ದೃಷ್ಟಿಯಿಂದಲೂ ಸರಿಯಲ್ಲ.

ಹೊಣೆ ಯಾರದು?

ರೋಗವೆಂದು ಹೇಳಿದೊಡನೆ ಹೊಣೆ ತಪ್ಪಿತೆಂದು ತಿಳಿಯುವವರೂ ಉಂಟು. ಅದೂ ಒಂದು ಏಕಾಂತವೇ. ಪ್ರತಿಯೊಬ್ಬ ತುಂಟ ಹುಡುಗನಿಗೂ ರೋಗದ ಹೆಸರು ಕೊಡುವುದು ಎಷ್ಟು ತಪ್ಪೋ, ರೋಗದ ಹೆಸರು ಸಿಕ್ಕಿತೆಂದು ಪ್ರಯತ್ನವನ್ನೇ ಬಿಡುವುದು ಅಷ್ಟೇ ತಪ್ಪು. ತನ್ನ ಕಾಲು ಕುಂಟೆಂದು ತಿಳಿದವನಿಗೆ ಊರುಗೋಲು ಹಿಡಿಯುವ ಹೊಣೆಯಿದೆ. ತನಗೆ ಮರೆವಿದೆಯೆಂದು ತಿಳಿದ ಆ ತಂದೆಯು ಬ್ಯಾಂಕಿನ ಕಂತಿಗೆ ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳಬೇಕು, ಪಾವತಿ ಪುಸ್ತಕದಂಥದನ್ನು ಇನ್ನೊಬ್ಬರ ಜೊತೆಗೂಡಿ ನೋಡಿಕೊಳ್ಳಬೇಕು, ಕೊಟ್ಟ ಮಾತನ್ನು ಕೂಡಲೇ ಬರೆದಿಡಬೇಕು. ಮೊದಲು ಅವನ ಮರೆವು ಅವನಿಗೆ ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ. ಕಂಡ ಮೇಲೆ ಸುಮ್ಮನಿದ್ದರೆ ಆಗ ಅದು ನಿಜವಾಗಿಯೂ ಪ್ರಮಾದವಾಗುತ್ತದೆ.

ವ್ರತದ ವಿಷಯದಲ್ಲಿಯೂ ಹಾಗೆಯೇ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣ ಸೇರಿದೆ. ನಲವತ್ತೆಂಟು ನಿಮಿಷ ಅಲುಗದೆ ಕೂಡುವ ನಿಯಮವನ್ನು ಹುರುಪಿನಲ್ಲಿ ತೆಗೆದುಕೊಂಡು ಮುರಿಯುವುದಕ್ಕಿಂತ, ಗುರುಗಳಲ್ಲಿ ನಿಜವನ್ನು ಹೇಳಿ, ಜಪಮಾಲೆ ಹಿಡಿದು ಹತ್ತು ನಿಮಿಷ ಮಾಡುವ ಅಭ್ಯಾಸದಿಂದ ಆರಂಭಿಸುವುದು ಲೇಸು. ಕುಳಿತು ಜಪ ಮಾಡಲಾರದ ಹುಡುಗನು ಪ್ರದಕ್ಷಿಣೆ ಹಾಕುತ್ತ ಜಪ ಮಾಡಬಲ್ಲ, ಅಭಿಷೇಕದ ಕಲಶ ತರಬಲ್ಲ, ಪೂಜೆಯ ಅಷ್ಟದ್ರವ್ಯಗಳನ್ನು ಜೋಡಿಸಬಲ್ಲ. ಪಾಠಶಾಲೆಯ ಶಿಕ್ಷಕರು ಅವನಿಗೆ ಎದ್ದು ನಿಲ್ಲುವ ಕೆಲಸವನ್ನು ಕೊಟ್ಟರೆ, ಎದ್ದು ನಿಂತದ್ದಕ್ಕಾಗಿ ಅವನನ್ನು ಹೊರಗೆ ಕಳಿಸುವ ಪ್ರಸಂಗ ಬಾರದು.

ಬಸದಿಗಳ ಟ್ರಸ್ಟುಗಳಿಗೆ ಇಲ್ಲಿ ಕೆಲಸವಿದೆ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಔಷಧದಾನವು ಸಾಮಾನ್ಯವಾಗಿ ಕಣ್ಣಿನ ಶಿಬಿರ, ರಕ್ತದೊತ್ತಡದ ಶಿಬಿರಗಳಲ್ಲಿ ನಿಲ್ಲುತ್ತದೆ. ಹಳ್ಳಿಯ ಕುಟುಂಬವೊಂದು ಮಗನನ್ನು ಕರೆದುಕೊಂಡು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಔಷಧದ ಬೆಲೆ ಎಲ್ಲ ಕೂಡುತ್ತವೆ. ಅದನ್ನು ಭರಿಸುವುದೂ ಔಷಧದಾನವೇ. ಆದರೆ ಈ ದಾನವನ್ನು ಹೆಸರು ಹೇಳಿ ಫಲಕ ಬರೆಸಿ ಮಾಡಬಾರದು. ಮನೋವೈದ್ಯರ ಬಳಿ ಹೋದವರ ವಿವರ ಗುಪ್ತವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯು ಕೊಟ್ಟ ಹಕ್ಕು. ಒಂದು ಹುಡುಗಿಯ ಲಗ್ನದ ಮಾತುಕತೆಯಲ್ಲಿ ಆ ವಿವರ ಹೇಗೆ ಬಳಕೆಯಾದೀತೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಔಷಧದಾನದ ಜೊತೆಗೆ ಅಭಯದಾನವೂ ಸೇರಬೇಕೆನ್ನುವುದು ಇದಕ್ಕಾಗಿ.

ಶಿರಗುಪ್ಪಿಯ ಆ ತಂದೆಯು ಮಗನನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಬಂದನೆಂದು ತಿಳಿಯಬಹುದು. ವೈದ್ಯರು ಮಗನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವನು ಉತ್ತರ ಕೊಡುತ್ತ ನಡುವೆ ಮಾತು ನಿಲ್ಲಿಸಿದ. ಸಂಜೆ ಬಸ್ಸಿನಲ್ಲಿ ಮರಳುವಾಗ ಮಗ ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದರೆ ಹತ್ತು ಸಲ ಒಳಗೆ ತೆಗೆದ, ಹತ್ತು ಸಲವೂ ಬಯ್ಯಲಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆ ದಿನ ಜನರು ಬಸದಿಯಲ್ಲಿ ಹಿರಿಯರಿಗೆ ಕೈಮುಗಿಯುತ್ತಾರೆ, ವ್ಯಾಪಾರದಲ್ಲಿ ಜಗಳವಾಡಿದವರಿಗೆ ಕೈಮುಗಿಯುತ್ತಾರೆ, ದೂರದ ನೆಂಟರಿಗೆ ಕಾಗದ ಬರೆಯುತ್ತಾರೆ. ಮನೆಯ ಮಕ್ಕಳಿಗೆ ಕೈಮುಗಿಯುವ ರೂಢಿ ಕಡಿಮೆ. ಎಲ್ಲ ಜೀವಗಳಲ್ಲಿಯೂ ಕ್ಷಮೆ ಬೇಡಬೇಕೆಂದು ಹೇಳಿದ ಧರ್ಮವು ಒಂಬತ್ತು ವರ್ಷದ ಜೀವವನ್ನು ಹೊರಗಿಟ್ಟಿಲ್ಲ. ತಂದೆಯು ಬಸದಿಯಿಂದ ಮನೆಗೆ ಬಂದು, ನೋಟುಬುಕ್ಕಿನ ಕಾರಣಕ್ಕಾಗಿ ಯಾವ ಕೆನ್ನೆಗೆ ಹೊಡೆದಿದ್ದನೋ ಆ ಕೆನ್ನೆಯ ಮುಂದೆ ಕೈಮುಗಿದರೆ, ಆ ವರ್ಷದ ಪರ್ವವು ಆ ಮನೆಯಲ್ಲಿ ಪೂರ್ಣವಾಯಿತೆನ್ನಬಹುದು.